ಕಿಡಿ ಕೇಳುವ ಪೆಟ್ಟಿಗೆ, ಅದರೊಳಗಿನ ಹನ್ನೊಂದು ವೈರ್‌ಗಳು

ಅಕ್ಕ ಉಸಿರು ಹಿಡಿದುಕೊಂಡಿದ್ದರು. ನಾನು ಪಕ್ಕದ ಸ್ಟೂಲ್ ಮೇಲೆ ಕೂತು ನೋಡುತ್ತಿದ್ದೆ. ಅವರ ಎಡಗೈಯಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಉಂಗುರ. ಬಲಗೈಯಲ್ಲಿ ದಪ್ಪ ತಾಮ್ರದ ವೈರ್. ಆ ವೈರ್ ಉಂಗುರದೊಳಗೆ ತೂರಬೇಕು, ಆಮೇಲೆ ಬಗ್ಗಬೇಕು, ಆಮೇಲೆ ಪ್ಲಾಸ್ಟಿಕ್ ಗೋಡೆಯ ಹಿಂದೆ ಹೋಗಿ ಕೂರಬೇಕು. ಅಷ್ಟು ಹೊತ್ತೂ ಕಿರುಬೆರಳು ಒಂದು ಸ್ಪ್ರಿಂಗ್ ಹಾರದಂತೆ ಒತ್ತಿ ಹಿಡಿದಿರಬೇಕು. ವೈರ್ ಕೂತ ಮೇಲೆ ಅವರು ಉಸಿರು ಬಿಟ್ಟರು. ಮುಂದಿನ ಪೀಸ್ ತೆಗೆದುಕೊಂಡರು. ಮತ್ತೆ ಉಸಿರು ಹಿಡಿದರು.

"ಪ್ರತಿ ಪೀಸ್‌ಗೂ ಹೀಗೇನಾ ಅಕ್ಕ?" ಅಂತ ಕೇಳಿದೆ.

"ಉಸಿರು ಬಿಟ್ಟರೆ ಕೈ ಅಲುಗುತ್ತೆ ಮೇಡಂ. ಕೈ ಅಲುಗಿದರೆ ಸ್ಪ್ರಿಂಗ್ ಹೋಗುತ್ತೆ."

ಆ ಪೆಟ್ಟಿಗೆಯ ಡ್ರಾಯಿಂಗ್ ಮಾಡಿದ್ದು ನಾನು. ಅಕ್ಕ ಉಸಿರು ಹಿಡಿಯುವ ಆ ಜಾಗ ನನ್ನ ಡ್ರಾಯಿಂಗ್‌ನಲ್ಲಿ ಬರೀ ಒಂದು ಸಾಲು. 'ವೈರನ್ನು ಉಂಗುರದ ಮೂಲಕ ಹಾಯಿಸಿ' ಅಂತ. ಕಂಪ್ಯೂಟರ್ ಪರದೆಯ ಮೇಲೆ ವೈರ್ ಎಲ್ಲಿ ಎಳೆದರೆ ಅಲ್ಲೇ ನಿಲ್ಲುತ್ತದೆ. ಅದಕ್ಕೆ ತನ್ನದೇ ಆದ ಬಿಗಿ ಇದೆ, ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ ಅನ್ನುವುದು ಪರದೆಯಲ್ಲಿ ಕಾಣುವುದಿಲ್ಲ.

ಆ ವಾರ ಪೂರ್ತಿ ನಾನು ಅಸೆಂಬ್ಲಿ ಲೈನ್‌ನಲ್ಲೇ ಕೂತೆ. ಅಲ್ಲಿ ಕಲಿತದ್ದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಮೊದಲು ಆ ಪೆಟ್ಟಿಗೆ ಏನು ಅಂತ ಹೇಳುತ್ತೇನೆ. ಅದು ಆರ್ಕ್ ಫಾಲ್ಟ್, ಅಂದರೆ ವೈರಿಂಗ್‌ನಲ್ಲಿ ಹುಟ್ಟುವ ಅಪಾಯದ ಕಿಡಿ, ಪತ್ತೆ ಮಾಡುವ ಸಾಧನ. ಎಎಫ್‌ಡಿಡಿ ಅನ್ನುತ್ತಾರೆ, ಅಮೆರಿಕದಲ್ಲಿ ಎಎಫ್‌ಸಿಐ ಅನ್ನುತ್ತಾರೆ. ನೋಡೋಕೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್, ಅದರ ಥರವೇ ಇರುತ್ತದೆ. ಸ್ವಿಚ್ ಬೋರ್ಡ್‌ನಲ್ಲಿ 35 ಮಿಲಿಮೀಟರ್ ಅಗಲದ ಲೋಹದ ರೈಲ್ ಮೇಲೆ, ಎಂಸಿಬಿಗಳ ಸಾಲಿನಲ್ಲೇ ಕೂರುತ್ತದೆ.

ಗೋಡೆಯ ಸಾಕೆಟ್ ಹಿಂದೆ ಒಂದು ಸ್ಕ್ರೂ ಸಡಿಲವಾಗಿದೆ ಅಂದುಕೊಳ್ಳಿ. ಆ ಸಾಕೆಟ್‌ನಿಂದ 8 ಆಂಪಿಯರ್ ಎಳೆಯುವ ಹೀಟರ್ ಓಡುತ್ತಿದೆ. ಸಡಿಲವಾದ ಜಾಗದಲ್ಲಿ ಕೂದಲೆಳೆಯಷ್ಟು ಸಂದು. ಕರೆಂಟ್ ಆ ಸಂದನ್ನು ಕಿಡಿಯಾಗಿ ದಾಟುತ್ತದೆ. ಆ ಜಾಗ ಸಾವಿರಾರು ಡಿಗ್ರಿ ಬಿಸಿಯಾಗುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಕರಿಯಾಗಿ ಇದ್ದಿಲಾಗುತ್ತದೆ. ಇದ್ದಿಲಿನಲ್ಲೂ ಕರೆಂಟ್ ಹರಿಯುತ್ತದೆ, ಹಾಗಾಗಿ ಕಿಡಿ ಇನ್ನೂ ಸುಲಭವಾಗಿ ಉಳಿದುಕೊಳ್ಳುತ್ತದೆ. ಬೆಂಕಿ ಹುಟ್ಟೋದು ಹೀಗೆ.

ಈಗ ಎಂಸಿಬಿಯನ್ನು ಕೇಳಿ. ಅದಕ್ಕೆ ಕಾಣುವುದು 8 ಆಂಪಿಯರ್, ಅಥವಾ ಕಿಡಿಯ ಅಡ್ಡಿಯಿಂದ ಇನ್ನೂ ಸ್ವಲ್ಪ ಕಡಿಮೆ. ಅದು 16 ಆಂಪಿಯರ್‌ನದು, ಅದಕ್ಕೆ ಎಲ್ಲ ಸರಿಯಾಗಿದೆ. ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿಯನ್ನು ಕೇಳಿ. ಹೋದ ಕರೆಂಟ್, ಬಂದ ಕರೆಂಟ್ ಎರಡೂ ಸಮ. ಅದಕ್ಕೂ ಎಲ್ಲ ಸರಿ. ಗೋಡೆಯೊಳಗೆ ಪ್ಲಾಸ್ಟಿಕ್ ಸುಡುತ್ತಿದ್ದರೂ ಇಬ್ಬರು ಕಾವಲುಗಾರರಿಗೂ ಗೊತ್ತಾಗುವುದಿಲ್ಲ. ಈ ಜಾಗ ತುಂಬುವುದಕ್ಕೇ ಮೂರನೆಯ ಸಾಧನ ಬಂದದ್ದು. ಅಮೆರಿಕದ ವಿದ್ಯುತ್ ನಿಯಮಾವಳಿ 1999ರಲ್ಲಿ ಇದನ್ನು ಮಲಗುವ ಕೋಣೆಗಳಿಗೆ ತಂದಿತು, ಕಡ್ಡಾಯವಾದದ್ದು 2002ರಿಂದ. ಐಇಸಿ 62606 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2013ರಲ್ಲಿ.

ಆ ಮಾನದಂಡ ಸಮಯ ಕಟ್ಟಿ ಕೊಡುತ್ತದೆ. 230 ವೋಲ್ಟ್ ಲೈನ್‌ನಲ್ಲಿ ಕಿಡಿಯ ಕರೆಂಟ್ 2.5 ಆಂಪಿಯರ್ ಇದ್ದರೆ 1 ಸೆಕೆಂಡ್ ಒಳಗೆ ಕಡಿಯಬೇಕು. 16 ಆಂಪಿಯರ್ ಇದ್ದರೆ 0.15 ಸೆಕೆಂಡ್. 32 ಇದ್ದರೆ 0.12 ಸೆಕೆಂಡ್. 50 ಹರ್ಟ್ಸ್‌ನಲ್ಲಿ 0.12 ಸೆಕೆಂಡ್ ಅಂದರೆ ಬರೀ ಆರು ಸೈಕಲ್. ಅಷ್ಟರೊಳಗೆ ಕೇಳಿಸಿಕೊಳ್ಳಬೇಕು, ತೀರ್ಮಾನಿಸಬೇಕು, ಸ್ವಿಚ್ ಬೀಳಿಸುವ ಟ್ರಿಪ್ ಕಾಯಿಲ್‌ಗೆ ಹೇಳಬೇಕು, ಕಾಂಟ್ಯಾಕ್ಟ್ ತೆರೆದುಕೊಳ್ಳಬೇಕು.

ಕೇಳಿಸಿಕೊಳ್ಳೋದು ಅಂತ ಬೇಕೆಂದೇ ಬರೆದೆ. ಕಿಡಿಗೆ ಒಂದು ದನಿ ಇದೆ. ಎಸಿ ಕರೆಂಟ್ ಪ್ರತಿ ಅರ್ಧ ಸೈಕಲ್‌ಗೆ ಒಮ್ಮೆ ಸೊನ್ನೆಗೆ ಇಳಿಯುತ್ತದೆ. ಆಗ ಕಿಡಿ ಆರುತ್ತದೆ. ಮತ್ತೆ ಹೊತ್ತಿಕೊಳ್ಳಬೇಕು ಅಂದರೆ ವೋಲ್ಟೇಜ್ ಸ್ವಲ್ಪ ಏರಬೇಕು. ಆ ಚಿಕ್ಕ ಹೊತ್ತಿನಲ್ಲಿ ಕರೆಂಟ್‌ನ ಅಲೆ ಚಪ್ಪಟೆಯಾಗಿ ಮಲಗುತ್ತದೆ. ನಾವು ಅದನ್ನು ಭುಜ ಅನ್ನುತ್ತೇವೆ. ಇದು ಒಂದು ಗುರುತು. ಇನ್ನೊಂದು, ಕಿಡಿ ಉರಿಯುವಾಗ ಮೆಗಾಹರ್ಟ್ಸ್‌ವರೆಗೂ ಹರಡಿದ ಒಂದು ಸರಸರ ಸದ್ದು ಲೈನ್ ಮೇಲೆ ಬರುತ್ತದೆ. ಸೊನ್ನೆಯ ಹತ್ತಿರ ಆ ಸದ್ದು ಅಡಗುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ.

ತೊಂದರೆ ಏನು ಅಂದರೆ, ಡ್ರಿಲ್ ಮಷಿನ್‌ನ ಬ್ರಷ್ ಕೂಡ ಕಿಡಿ ಹಾರಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೂಡ. ಡಿಮ್ಮರ್ ಅಲೆಯನ್ನು ಕತ್ತರಿಸಿ ಹಾಕುತ್ತದೆ. ಇವುಗಳಿಗೆ ಟ್ರಿಪ್ ಆಗಬಾರದು. ಆದರೆ ಇವು ಓಡುತ್ತಿರುವಾಗಲೇ ನಿಜವಾದ ಕಿಡಿ ಹುಟ್ಟಿದರೆ ಟ್ರಿಪ್ ಆಗಲೇಬೇಕು. ಗದ್ದಲದ ಸಂತೆಯಲ್ಲಿ ಒಬ್ಬರ ಪಿಸುಮಾತು ಹಿಡಿಯುವ ಕೆಲಸ ಅದು.

ಹಾಗಾಗಿ ಈ ಪೆಟ್ಟಿಗೆಯಲ್ಲಿ ಕಿವಿ ಅನ್ನುವುದು ದೊಡ್ಡ ವಿಷಯ. ಆ ಕಿವಿಯೇ ಅಕ್ಕನ ಎಡಗೈಯಲ್ಲಿದ್ದ ಉಂಗುರ. ಮುಖ್ಯ ವೈರ್ ಅದರೊಳಗೆ ಹಾಯುತ್ತದೆ. ಉಂಗುರಕ್ಕೆ ಸುತ್ತಿದ ಸಣ್ಣ ತಂತಿಯಿಂದ ಎರಡು ತುದಿ ಹೊರಬಂದು ಪಿಸಿಬಿಗೆ, ಅಂದರೆ ಒಳಗಿನ ಎಲೆಕ್ಟ್ರಾನಿಕ್ಸ್ ಬೋರ್ಡ್‌ಗೆ, ಸೇರುತ್ತವೆ.

ಮೊದಲ ಪೈಲಟ್ ಬ್ಯಾಚ್ ಮಾಡಿದಾಗ ನಮಗೆ ಒಂದು ವಿಚಿತ್ರ ಎದುರಾಯಿತು. ಪಿಸಿಬಿಗಳನ್ನು ಬೇರೆಯಾಗಿ ಟೆಸ್ಟ್ ಮಾಡಿದಾಗ ಎಲ್ಲವೂ ಪಾಸ್. ಪೆಟ್ಟಿಗೆಯೊಳಗೆ ಕೂರಿಸಿ, ರಿವೆಟ್ ಹೊಡೆದು, ಕೊನೆಯ ಟೆಸ್ಟ್‌ಗೆ ಕಳಿಸಿದರೆ ಕೆಲವು ಫೇಲ್. ಅದೂ ಒಂದೇ ರೀತಿಯ ಫೇಲ್ ಆಗಿರಲಿಲ್ಲ. ಕೆಲವು ವ್ಯಾಕ್ಯೂಮ್ ಕ್ಲೀನರ್ ಓಡುತ್ತಿದ್ದಾಗ ಕಿಡಿಯನ್ನು ತಡವಾಗಿ ಹಿಡಿಯುತ್ತಿದ್ದವು. ಇನ್ನು ಕೆಲವು ಬರೀ ಡ್ರಿಲ್ ಓಡಿಸಿದರೂ ಟ್ರಿಪ್ ಆಗುತ್ತಿದ್ದವು. ಒಂದಕ್ಕೆ ಕಿವಿ ಮಂದ, ಇನ್ನೊಂದಕ್ಕೆ ಕಿವಿ ಜಾಸ್ತಿ ಚುರುಕು. ಬೋರ್ಡ್ ಒಂದೇ, ಸಾಫ್ಟ್‌ವೇರ್ ಒಂದೇ.

ಮೂರು ವಾರ ಎಲೆಕ್ಟ್ರಾನಿಕ್ಸ್‌ನವರು ಬೋರ್ಡ್ ನೋಡಿದರು. ಸಾಫ್ಟ್‌ವೇರ್‌ನವರು ಮಿತಿಗಳನ್ನು ಏರಿಸಿ ಇಳಿಸಿ ನೋಡಿದರು. ಏರಿಸಿದರೆ ಡ್ರಿಲ್ ಸಮಸ್ಯೆ ಹೋಗಿ ವ್ಯಾಕ್ಯೂಮ್ ಸಮಸ್ಯೆ ಜಾಸ್ತಿ ಆಗುತ್ತಿತ್ತು. ಇಳಿಸಿದರೆ ಉಲ್ಟಾ. ನಾನು ಉಂಗುರದ ಕೋರ್ ಮೇಲೆ ಅನುಮಾನಪಟ್ಟು ಅಳೆಸಿದೆ. ಅದರಲ್ಲೂ ಏನೂ ಸಿಗಲಿಲ್ಲ.

ಕೊನೆಗೆ ಪಾಸಾದ 20, ಫೇಲಾದ 20 ಪೆಟ್ಟಿಗೆ ತೆಗೆದುಕೊಂಡು ರಿವೆಟ್‌ಗಳನ್ನು ನಿಧಾನವಾಗಿ ಕೊರೆದು ತೆಗೆದೆ. ಒಳಗಿನ ಯಾವುದೂ ಅಲುಗದಂತೆ ಮುಚ್ಚಳ ಎತ್ತಿ, ಫೋಟೋ ತೆಗೆದು, ಸಾಲಾಗಿ ಜೋಡಿಸಿ ನೋಡಿದೆ. ಒಂದು ಗಂಟೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಉಂಗುರದಿಂದ ಬರುವ ಆ ಎರಡು ಸಣ್ಣ ತಂತಿಗಳು. ಫೇಲಾದವುಗಳಲ್ಲಿ ಅವು ಬೇರೆ ಬೇರೆ ದಾರಿಯಲ್ಲಿ ಹೋಗಿ ಬೋರ್ಡ್ ಹತ್ತಿರ ಸೇರಿದ್ದವು. ನಡುವೆ ಒಂದು ದೊಡ್ಡ ಕುಣಿಕೆ. ಪಾಸಾದವುಗಳಲ್ಲಿ ಅವು ಒಂದಕ್ಕೊಂದು ಸುತ್ತಿಕೊಂಡು ಉಂಗುರದ ಕೆಳಗೆ ಒತ್ತಿಕೊಂಡಿದ್ದವು.

ಕುಣಿಕೆ ಅಂದರೆ ಅದೇ ಒಂದು ಆಂಟೆನಾ. ಪಕ್ಕದ ದಪ್ಪ ವೈರ್‌ನ ಕಾಂತಕ್ಷೇತ್ರವನ್ನು ಅದು ನೇರವಾಗಿ ಹಿಡಿಯುತ್ತದೆ. ಕುಣಿಕೆ ಒಂದು ಕಡೆ ತಿರುಗಿದ್ದರೆ ಉಂಗುರದ ಸಿಗ್ನಲ್‌ಗೆ ಕೂಡುತ್ತದೆ. ಇನ್ನೊಂದು ಕಡೆ ತಿರುಗಿದ್ದರೆ ಕಳೆಯುತ್ತದೆ. ಹಾಗಾಗಿಯೇ ಕೆಲವು ಮಂದ, ಕೆಲವು ಚುರುಕು.

ಸೀರಿಯಲ್ ನಂಬರ್ ಹಿಡಿದು ಯಾವ ಪೀಸ್ ಯಾವ ಮೇಜಿನಿಂದ ಬಂತು ಅಂತ ನೋಡಿದೆವು. ಅಕ್ಕನ ಮೇಜಿನವು ಹೆಚ್ಚುಕಡಿಮೆ ಎಲ್ಲವೂ ಪಾಸ್. ಹೋಗಿ ಕೇಳಿದೆ. ಅವರು ಸ್ವಲ್ಪ ಗಾಬರಿಯಾದರು. ತಪ್ಪು ಹುಡುಕೋಕೆ ಬಂದಿದ್ದೇನೆ ಅಂದುಕೊಂಡಿರಬೇಕು.

"ಆ ಎರಡು ವೈರ್ ಬಿಡಿಬಿಡಿಯಾಗಿ ಬಿಟ್ಟರೆ ಮುಚ್ಚಳಕ್ಕೆ ಸಿಕ್ಕಿಕೊಳ್ಳುತ್ತೆ ಮೇಡಂ. ಅದಕ್ಕೆ ಒಂದೆರಡು ಸುತ್ತು ತಿರುಚಿ, ಉಗುರಲ್ಲಿ ಒಳಗೆ ಒತ್ತಿಬಿಡ್ತೀನಿ. ಯಾರೂ ಹೇಳಿಕೊಟ್ಟಿಲ್ಲ. ಹಾಗೆ ಮಾಡಬಾರದಿತ್ತಾ?"

ನನಗೆ ಗಂಟಲು ಕಟ್ಟಿತು. ನಮ್ಮ ಸಾಧನದ ಕಿವಿ ಸರಿಯಾಗಿ ಕೇಳುತ್ತಿದ್ದದ್ದು ಅವರ ಉಗುರಿನಿಂದ. ಅದು ನನ್ನ ಡ್ರಾಯಿಂಗ್‌ನಲ್ಲಿ ಎಲ್ಲೂ ಇರಲಿಲ್ಲ.

ಆ ಬ್ಯಾಚ್‌ಗೆ ನಾವು ಸುಲಭದ ದಾರಿ ಹಿಡಿದೆವು. 'ಎರಡು ತಂತಿ ತಿರುಚಿ ಒಳಗೆ ಒತ್ತಿ' ಅಂತ ಕೆಲಸದ ಹಾಳೆಯಲ್ಲಿ ಬರೆದೆವು. ಫೇಲ್ ಕಡಿಮೆಯಾಯಿತು. ಅಷ್ಟಕ್ಕೇ ನಿಲ್ಲಿಸೋಣ ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. ಹಾಳೆಯಲ್ಲಿ ಬರೆದದ್ದು ಶಿಫ್ಟ್ ಮುಗಿಯುವ ಹೊತ್ತಿಗೆ ದಣಿದ ಕೈಗೆ ನೆನಪಿರಬೇಕು. ನಾಳೆ ಸೇರುವ ಹೊಸಬರಿಗೆ ಅರ್ಥವಾಗಬೇಕು. ಎಷ್ಟು ಸುತ್ತು ತಿರುಚಬೇಕು, ಎಷ್ಟು ಒತ್ತಬೇಕು? ಈ ಪೆಟ್ಟಿಗೆ ಯಾರದೋ ಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಒಂದೇ ಒಂದು ರಾತ್ರಿ ಅದು ಕೆಲಸ ಮಾಡಬೇಕಾಗುತ್ತದೆ. ಆ ರಾತ್ರಿ, ಅದನ್ನು ಜೋಡಿಸಿದ ದಿನ ಯಾರು ಎಷ್ಟು ದಣಿದಿದ್ದರು ಅನ್ನುವುದರ ಮೇಲೆ ಒಂದು ಮನೆ ನಿಲ್ಲಬಾರದು.

ಜೋಡಣೆ ಸುಲಭ ಮಾಡುವುದು ಅಂದರೆ ಸಮಯ ಉಳಿಸೋದು, ಖರ್ಚು ಇಳಿಸೋದು ಅಂತ ಮೀಟಿಂಗ್‌ಗಳಲ್ಲಿ ಮಾತಾಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ 40 ಫೋಟೋ ನೋಡಿದ ಮೇಲೆ ಹಾಗನ್ನಿಸುವುದಿಲ್ಲ. ಈ ಸಾಧನದಲ್ಲಿ ಜೋಡಣೆಯೂ ಸರ್ಕ್ಯೂಟ್‌ನ ಒಂದು ಭಾಗ. ಕೈಯಿಂದ ಬಗ್ಗಿಸುವ ಪ್ರತಿ ವೈರ್ ಕಿವಿಯನ್ನು ಸ್ವಲ್ಪ ಬದಲಿಸುತ್ತದೆ.

ಮಾರನೇ ದಿನ ಕೂತು ವೈರ್ ಎಣಿಸಿದೆ. ಮುಖ್ಯ ಲೈನ್ ವೈರ್ ಒಂದು, ನ್ಯೂಟ್ರಲ್ ಒಂದು. ಕಿಡಿ ಕೇಳುವ ಉಂಗುರದಿಂದ ಎರಡು. ಸೋರಿಕೆ ಕರೆಂಟ್ ನೋಡುವ ಇನ್ನೊಂದು ಉಂಗುರದಿಂದ ಎರಡು. ಟ್ರಿಪ್ ಕಾಯಿಲ್‌ಗೆ ಎರಡು. ಬೋರ್ಡ್‌ಗೆ ಕರೆಂಟ್ ಕೊಡೋಕೆ ಎರಡು. ಟೆಸ್ಟ್ ಬಟನ್‌ಗೆ ಒಂದು. ಒಟ್ಟು 11. ಅಂದರೆ 22 ತುದಿಗಳು, ಹೆಚ್ಚಿನವು ಕೈಯಿಂದ ಸೋಲ್ಡರ್ ಮಾಡಿದವು. ಸಡಿಲ ಜೋಡಣೆಯನ್ನು ಹಿಡಿಯೋಕೆ ಅಂತ ಮಾಡಿದ ಪೆಟ್ಟಿಗೆಯಲ್ಲಿ ಸಡಿಲವಾಗಬಹುದಾದ 22 ಜಾಗ. ವೈರ್‌ಗಳ ಸಂಖ್ಯೆ 11 ಅಂತ ಬಿಳಿ ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿಟ್ಟೆ. ಕೆಲಸ ಮುಗಿಯುವವರೆಗೂ ಅಳಿಸಲಿಲ್ಲ.

ಎಲ್ಲಿಂದ ಶುರು ಮಾಡೋದು? ಜೆಫ್ರಿ ಬೂತ್‌ರಾಯ್ಡ್, ಪೀಟರ್ ಡ್ಯೂಹರ್ಸ್ಟ್ ಅನ್ನುವ ಇಬ್ಬರು ಎಂಜಿನಿಯರ್‌ಗಳು ಜೋಡಣೆಗಾಗಿ ಡಿಸೈನ್ ಮಾಡುವ ಪದ್ಧತಿಯನ್ನು ಬೆಳೆಸಿದವರು. ಅವರ ಮೂರು ಪ್ರಶ್ನೆ ನನಗೆ ತುಂಬಾ ಇಷ್ಟ. ಪ್ರತಿ ಭಾಗವನ್ನು ಕೈಯಲ್ಲಿ ಹಿಡಿದು ಕೇಳಬೇಕು. ಇದು ಪಕ್ಕದ ಭಾಗಕ್ಕೆ ಹೋಲಿಸಿದರೆ ಚಲಿಸುತ್ತದಾ? ಇದು ಬೇರೆ ವಸ್ತುವಿನದೇ ಆಗಿರಬೇಕಾ? ಇದು ಬೇರೆಯಾಗಿ ಇಲ್ಲದಿದ್ದರೆ ಉಳಿದದ್ದನ್ನು ಜೋಡಿಸೋಕೆ ಅಥವಾ ಬಿಚ್ಚೋಕೆ ಆಗುವುದಿಲ್ಲವಾ? ಮೂರಕ್ಕೂ ಇಲ್ಲ ಅಂದರೆ ಅದು ಪಕ್ಕದ ಭಾಗದ ಜೊತೆ ಸೇರಿಹೋಗಬಹುದು.

ಉಂಗುರ ಹಿಡಿಯುವ ಒಂದು ಪ್ಲಾಸ್ಟಿಕ್ ಬ್ರ್ಯಾಕೆಟ್ ಇತ್ತು. ಮೂರಕ್ಕೂ ಇಲ್ಲ. ಅದು ಕೇಸ್‌ನ ಗೋಡೆಯೇ ಆಯಿತು. ಬೋರ್ಡ್ ಹಿಡಿಯುವ ಎರಡು ಪುಟ್ಟ ಸ್ಕ್ರೂ ಇದ್ದವು. ಅವಕ್ಕೂ ಇಲ್ಲ. ಬೋರ್ಡ್ ಈಗ ಗೋಡೆಯಲ್ಲಿನ ತೋಡಿನೊಳಗೆ ಜಾರಿ ಕೂರುತ್ತದೆ, ಮುಚ್ಚಳ ಅದನ್ನು ಒತ್ತಿ ಹಿಡಿಯುತ್ತದೆ. ಹೀಗೆ ಹೋದವುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅವು ಸುಲಭ.

ಕಷ್ಟವಾದದ್ದು ಉಂಗುರ ಮತ್ತು ದಪ್ಪ ವೈರ್. ಉಂಗುರದ ಎರಡು ಸಣ್ಣ ತಂತಿ ಇಲ್ಲವಾಗಿಸೋದು ಸರಳ. ಉಂಗುರಕ್ಕೆ ಪಿನ್ ಇರುವ ಪ್ಲಾಸ್ಟಿಕ್ ಮನೆ ಕಟ್ಟಿ ನೇರವಾಗಿ ಪಿಸಿಬಿ ಮೇಲೇ ಸೋಲ್ಡರ್ ಮಾಡಿಸಿದೆವು. ಕುಣಿಕೆ ಇಲ್ಲ, ಉಗುರಿನ ಕೆಲಸ ಇಲ್ಲ. ಸೋರಿಕೆ ಉಂಗುರವೂ ಹಾಗೇ. ಆದರೆ ದಪ್ಪ ವೈರ್ ಎರಡೂ ಉಂಗುರದೊಳಗೆ ಹಾಯಲೇಬೇಕಲ್ವಾ? ವೈರ್ ಬದಲು ಅಚ್ಚಿನಲ್ಲಿ ಕತ್ತರಿಸಿದ ತಾಮ್ರದ ಪಟ್ಟಿ ಹಾಕೋಣ ಅಂತ ತೀರ್ಮಾನಿಸಿದೆವು. ಪಟ್ಟಿ ಬಿಗಿ, ಎಲ್ಲಿ ಇಟ್ಟರೆ ಅಲ್ಲೇ ಇರುತ್ತದೆ.

ಆದರೆ ಪಟ್ಟಿಯ ಒಂದು ತುದಿ ಟರ್ಮಿನಲ್. ಅದು ಅಗಲ, ಉಂಗುರದೊಳಗೆ ಹೋಗುವುದಿಲ್ಲ. ಇನ್ನೊಂದು ತುದಿಗೆ ಹೆಣೆದ ತಾಮ್ರದ ಬ್ರೇಡ್ ವೆಲ್ಡ್ ಆಗಬೇಕು. ಬ್ರೇಡ್‌ನ ಆಚೆ ತುದಿಯಲ್ಲಿ ಚಲಿಸುವ ಕಾಂಟ್ಯಾಕ್ಟ್‌ನ ತೋಳು. ಅದೂ ಉಂಗುರದೊಳಗೆ ಹೋಗುವುದಿಲ್ಲ. ಹಾಗಾದರೆ ಮೊದಲು ಪಟ್ಟಿಯ ತೆಳು ತುದಿಯನ್ನು ಉಂಗುರದೊಳಗೆ ಹಾಯಿಸಿ, ಆಮೇಲೆ ವೆಲ್ಡ್ ಮಾಡಬೇಕು. ಅಂದರೆ ಪಿಸಿಬಿ ಪಕ್ಕದಲ್ಲೇ ವೆಲ್ಡಿಂಗ್!

ಇಲ್ಲಿ ಒಂದು ದೊಡ್ಡ ಚರ್ಚೆ ನಡೆಯಿತು. ವೆಲ್ಡ್ ಯಾಕೆ, ಪಟ್ಟಿಯ ತುದಿಯನ್ನು ಒಂದು ಸ್ಪ್ರಿಂಗ್ ಕ್ಲಿಪ್‌ಗೆ ಚುಚ್ಚಿದರೆ ಸಾಲದಾ ಅಂತ ಒಬ್ಬರು ಕೇಳಿದರು. ಜೋಡಣೆಗೆ ಅದರಷ್ಟು ಸುಲಭ ಬೇರೆ ಇಲ್ಲ. ಒತ್ತಿದರೆ ಮುಗಿಯಿತು. ನಾನು ಬೇಡ ಅಂದೆ, ಈಗಲೂ ಅದೇ ಹೇಳುತ್ತೇನೆ. ಮುಖ್ಯ ಕರೆಂಟ್ ಹರಿಯುವ ದಾರಿಯಲ್ಲಿ ಚುಚ್ಚುವ ಜೋಡಣೆ ಬೇಡ. ಹಗಲೂ ರಾತ್ರಿ 16, 20 ಆಂಪಿಯರ್ ಹೊತ್ತು, ಬಿಸಿಯಾಗಿ ತಣ್ಣಗಾಗಿ, ಕ್ಲಿಪ್‌ನ ಹಿಡಿತ ಸಡಿಲವಾದರೆ ಕಿಡಿ ನಮ್ಮ ಪೆಟ್ಟಿಗೆಯೊಳಗೇ ಹುಟ್ಟುತ್ತದೆ. ದೊಡ್ಡ ಕರೆಂಟ್‌ಗೆ ವೆಲ್ಡ್, ಸಣ್ಣ ಸಿಗ್ನಲ್‌ಗೆ ಸ್ಪ್ರಿಂಗ್. ಈ ಗೆರೆ ದಾಟಬಾರದು ಅಂತ ಎಲ್ಲರೂ ಕೊನೆಗೆ ಒಪ್ಪಿದರು.

ಹಾಗಾಗಿ ಬೋರ್ಡ್, ಎರಡು ಪಟ್ಟಿ, ಬ್ರೇಡ್, ತೋಳು ಎಲ್ಲ ಸೇರಿ ಒಂದು ಸಬ್‌ಅಸೆಂಬ್ಲಿ ಆಯಿತು. ಅದನ್ನು ಹೊರಗೆ ಫಿಕ್ಸ್ಚರ್‌ನಲ್ಲಿ, ಅಂದರೆ ಭಾಗಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟಿನಲ್ಲಿ, ಕೂರಿಸಿ ವೆಲ್ಡ್ ಮಾಡಿ, ಆಮೇಲೆ ಒಟ್ಟಿಗೆ ಕೇಸ್‌ಗೆ ಇಳಿಸುವುದು. ಮೊದಲ ವಾರ ವೆಲ್ಡಿಂಗ್‌ನ ತಾಮ್ರದ ಹನಿಗಳು ಬೋರ್ಡ್ ಮೇಲೆ ಸಿಡಿದವು. ಕಣ್ಣಿಗೆ ಕಾಣದಷ್ಟು ಚಿಕ್ಕವು. ಲೈನ್ ಮತ್ತು ನ್ಯೂಟ್ರಲ್ ಗೆರೆಗಳ ನಡುವಿನ ಜಾಗದಲ್ಲಿ ಅಂಥ ಒಂದು ಹನಿ ಕೂತರೆ ಇನ್ಸುಲೇಷನ್‌ನ ಅಂತರವೇ ಕಡಿಮೆಯಾಗುತ್ತದೆ. ಫಿಕ್ಸ್ಚರ್‌ಗೆ ಒಂದು ಮರೆ ಕಟ್ಟಿದೆವು. ಮರೆ ಮುಚ್ಚದೆ ವೆಲ್ಡಿಂಗ್ ಶುರುವಾಗದಂತೆ ಸ್ವಿಚ್ ಹಾಕಿದೆವು. ಜೊತೆಗೆ ವೆಲ್ಡ್ ಆಗುವ ಜಾಗವನ್ನು ಬೋರ್ಡ್‌ನ ಅಂಚಿನಿಂದ ಇನ್ನಷ್ಟು ದೂರ ತಳ್ಳಿದೆ. ಪಟ್ಟಿ ಉದ್ದವಾಯಿತು, ತಾಮ್ರ ಜಾಸ್ತಿ ಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ.

ಬ್ರೇಡ್‌ನಿಂದ ತೋಳು ಜೋತಾಡುವುದು ಇನ್ನೊಂದು ತಲೆನೋವು. ಎತ್ತಿದರೆ ತೂಗುತ್ತದೆ, ಬ್ರೇಡ್ ಮುರಿಯುತ್ತದೆ. ಟ್ರೇನಲ್ಲಿ ಬೋರ್ಡ್‌ಗೆ ಮಾತ್ರ ಗೂಡು ಮಾಡಿದ್ದೆವು. ಅಕ್ಕ ಅದನ್ನು ನೋಡಿ, "ತೋಳಿಗೂ ಒಂದು ಗೂಡು ಮಾಡಿಸಿ ಮೇಡಂ, ಕೇಸ್‌ನಲ್ಲಿ ಎಷ್ಟು ದೂರ ಇರುತ್ತೋ ಅಷ್ಟೇ ದೂರದಲ್ಲಿ. ಆಗ ಎರಡೂ ಕೈಯಲ್ಲಿ ಹಾಗೇ ಎತ್ತಿ ಹಾಗೇ ಇಡಬಹುದು" ಅಂದರು. ಹಾಗೇ ಮಾಡಿಸಿದೆವು. ಆಮೇಲೆ ಬ್ರೇಡ್ ಮುರಿದದ್ದು ನಾನು ನೋಡಿಲ್ಲ.

ಪಟ್ಟಿಗಳಿಂದ ನಾವು ಎಣಿಸದ ಇನ್ನೊಂದು ಲಾಭವೂ ಆಯಿತು. ಸೋರಿಕೆ ಉಂಗುರದೊಳಗೆ ಲೈನ್, ನ್ಯೂಟ್ರಲ್ ಎರಡೂ ಹಾಯುತ್ತವೆ. ಅವು ಎರಡೂ ಸಮನಾಗಿ ಕೂತಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಪೂರ್ತಿ ಅಳಿಸುತ್ತದೆ. ವೈರ್ ಇದ್ದಾಗ ಅವು ಹೇಗೆ ಬೇಕೋ ಹಾಗೆ ಹೊರಳಿಕೊಂಡಿರುತ್ತಿದ್ದವು. ಮೋಟಾರ್ ಶುರುವಾದಾಗಿನ ದೊಡ್ಡ ಕರೆಂಟ್‌ಗೆ, ಇಲ್ಲದ ಸೋರಿಕೆ ಇದೆ ಅಂತ ಉಂಗುರ ಹೇಳುತ್ತಿತ್ತು. ಈಗ ಎರಡು ಪಟ್ಟಿಯ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಪ್ರತಿ ಪೀಸ್‌ನಲ್ಲೂ ಅವು ಅದೇ ಜಾಗದಲ್ಲಿ ಕೂರುತ್ತವೆ.

ಟ್ರಿಪ್ ಕಾಯಿಲ್‌ನ ಎರಡು ವೈರ್‌ಗೆ ಬದಲಾಗಿ ಒತ್ತಿ ಕೂರಿಸುವ ಪಿನ್ ಹಾಕಿದೆವು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಪಿನ್ ಒತ್ತುವಾಗ ಬೋರ್ಡ್ ಸ್ವಲ್ಪ ಬಾಗುತ್ತದೆ. ಅಲ್ಲೇ ಹತ್ತಿರ ಒಂದು ಸೆರಾಮಿಕ್ ಕೆಪಾಸಿಟರ್ ಇತ್ತು. ಬಾಗಿದರೆ ಸೆರಾಮಿಕ್ ಒಳಗೆ ಕೂದಲಿನಂಥ ಬಿರುಕು ಬರುತ್ತದೆ. ಆ ದಿನದ ಟೆಸ್ಟ್‌ನಲ್ಲಿ ಅದು ಪಾಸಾಗಿಬಿಡಬಹುದು. ತಿಂಗಳುಗಳ ನಂತರ ತೇವ ಸೇರಿ ಶಾರ್ಟ್ ಆಗುತ್ತದೆ. ಬಿಸಿ, ತೇವದ ಟೆಸ್ಟ್‌ನಲ್ಲಿ ಎರಡು ಪೀಸ್ ಸತ್ತಾಗ ಕೆಪಾಸಿಟರನ್ನು ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ನೋಡಿದೆವು. ಬಿರುಕು ಕಂಡಿತು. ಪಿನ್‌ಗೆ ಸರಿಯಾಗಿ ಕೆಳಗೆ ಒಂದು ಕಂಬ ಕೊಟ್ಟೆ, ಬೋರ್ಡ್ ಈಗ ಬಾಗುವುದಿಲ್ಲ. ಕೆಪಾಸಿಟರನ್ನು ದೂರ ಸರಿಸಿ, ಅದರ ಉದ್ದ ಬೋರ್ಡ್ ಬಾಗುವ ಗೆರೆಗೆ ಸಮಾನಾಂತರ ಇರುವಂತೆ ತಿರುಗಿಸಿದೆವು. ಜೋಡಣೆ ಸುಲಭ ಮಾಡಲು ಹೋಗಿ ಒಂದು ಅಪಾಯ ಒಳಗೆ ತಂದಿದ್ದೆ. ಆ ಎರಡು ಪೀಸ್ ಟೆಸ್ಟ್‌ನಲ್ಲೇ ಸಿಕ್ಕಿದ್ದು ನಮ್ಮ ಪುಣ್ಯ.

ಇನ್ನು ಸ್ಪ್ರಿಂಗ್‌ಗಳು. ಸ್ಪ್ರಿಂಗ್ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಶಿಗಿಯೊ ಶಿಂಗೊ ನೆನಪಾಗುತ್ತಾರೆ. ಜಪಾನಿನ ಎಂಜಿನಿಯರ್. 1961ರಲ್ಲಿ ಯಮಾದಾ ಎಲೆಕ್ಟ್ರಿಕ್ ಅನ್ನುವ ಕಾರ್ಖಾನೆಯಲ್ಲಿ ಒಂದು ಪುಟ್ಟ ಸ್ವಿಚ್ ಜೋಡಿಸುತ್ತಿದ್ದರು. ಅದರ ಎರಡು ಬಟನ್ ಕೆಳಗೆ ಎರಡು ಸ್ಪ್ರಿಂಗ್ ಇಡಬೇಕು. ಆಗಾಗ ಒಂದು ಮರೆತುಹೋಗುತ್ತಿತ್ತು. ಎಚ್ಚರಿಕೆಯಿಂದ ಇರಿ ಅಂತ ಎಷ್ಟು ಹೇಳಿದರೂ ಅದೇ ಕಥೆ. ಶಿಂಗೊ ಒಂದು ಚಿಕ್ಕ ತಟ್ಟೆ ತಂದಿಡಿಸಿದರು. ಮೊದಲು ಡಬ್ಬದಿಂದ ಎರಡು ಸ್ಪ್ರಿಂಗ್ ತೆಗೆದು ತಟ್ಟೆಯಲ್ಲಿ ಇಡುವುದು, ಆಮೇಲೆ ಜೋಡಿಸುವುದು. ತಟ್ಟೆಯಲ್ಲಿ ಒಂದು ಉಳಿದರೆ ಮರೆತದ್ದು ಅಲ್ಲೇ ಕಾಣುತ್ತದೆ. ಅಷ್ಟೇ. ಮನುಷ್ಯರು ಮರೆಯುತ್ತಾರೆ ಅನ್ನುವುದನ್ನು ಒಪ್ಪಿಕೊಂಡು, ಅವರ ಮೇಲೆ ಸಿಟ್ಟಾಗದೆ, ಮೇಜನ್ನು ಬದಲಿಸಿದರು. ಆ ಗೌರವ ನನಗೆ ದೊಡ್ಡದು ಅನ್ನಿಸುತ್ತದೆ.

ನಮ್ಮ ಲೈನ್‌ನಲ್ಲೂ ಅಂಥದ್ದೇ ಕೆಲವು ಮಾಡಿದೆವು. ಎಲ್ಲ ಭಾಗವೂ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಇಳಿಯುವಂತೆ ಕೇಸ್‌ನ ಕೆಳಭಾಗವನ್ನೇ ತಟ್ಟೆಯಾಗಿಸಿದೆವು. ಇಟ್ಟದ್ದು ತನ್ನ ಭಾರಕ್ಕೆ ತಾನೇ ಕೂತಿರುತ್ತದೆ, ಪೀಸನ್ನು ತಿರುಗಿಸಿ ಹಿಡಿಯುವುದು ಬೇಡ. ಡಬ್ಬದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದ ಸ್ಪ್ರಿಂಗ್‌ಗಳ ಸುತ್ತಿನ ನಡುವಿನ ಜಾಗವನ್ನು ತಂತಿಯ ದಪ್ಪಕ್ಕಿಂತ ಕಡಿಮೆ ಮಾಡಿಸಿದೆ. 16 ಮತ್ತು 20 ಆಂಪಿಯರ್‌ನ ಕಾಯಿಲ್‌ಗಳು ನೋಡೋಕೆ ಒಂದೇ ಥರ ಇದ್ದವು. ತಂತಿ ಸುತ್ತುವ ಪ್ಲಾಸ್ಟಿಕ್ ಬಾಬಿನ್‌ಗೆ ಬೇರೆ ಬೇರೆ ಬಣ್ಣ ಬಂತು. ಒಂದು ಲಿವರ್ ಎಡ ಬಲ ಹೆಚ್ಚುಕಡಿಮೆ ಒಂದೇ ಆಗಿತ್ತು, ಅರ್ಧ ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಅಂಥ ಭಾಗ ತುಂಬಾ ಕೆಟ್ಟದ್ದು. ಎರಡೂ ಕಡೆ ಪೂರ್ತಿ ಸಮ ಇರಬೇಕು, ಇಲ್ಲವಾದರೆ ಒಂದು ನೋಟಕ್ಕೇ ಬೇರೆ ಅಂತ ಗೊತ್ತಾಗಬೇಕು. ನಾನು ಪೂರ್ತಿ ಸಮ ಮಾಡಿದೆ.

ಕ್ಯಾಲಿಬ್ರೇಷನ್ ವಿಷಯವೂ ಹೇಳಲೇಬೇಕು. ಪೆಟ್ಟಿಗೆಯಲ್ಲಿ ಮಾಮೂಲಿ ಎಂಸಿಬಿ ಕೆಲಸಕ್ಕೆ ಬೈಮೆಟಲ್, ಅಂದರೆ ಬಿಸಿಯಾದರೆ ಬಾಗುವ ಜೋಡಿ ಲೋಹದ ತುಂಡು, ಕೂಡ ಇದೆ. ಐಇಸಿ 60898 ಪ್ರಕಾರ ಅದು ತನ್ನ ಆಂಪಿಯರ್‌ನ 1.13 ಪಟ್ಟು ಕರೆಂಟ್‌ಗೆ ಒಂದು ಗಂಟೆ ಟ್ರಿಪ್ ಆಗಬಾರದು, 1.45 ಪಟ್ಟು ಕರೆಂಟ್‌ಗೆ ಒಂದು ಗಂಟೆಯೊಳಗೆ ಆಗಲೇಬೇಕು. ಒಂದು ಪುಟ್ಟ ಸ್ಕ್ರೂ ತಿರುಗಿಸಿ ಇದನ್ನು ಹೊಂದಿಸುತ್ತಾರೆ. ನಾವು ಮುಚ್ಚಳ ಹಾಕುವ ಮೊದಲೇ ಹೊಂದಿಸುತ್ತಿದ್ದೆವು, ಸ್ಕ್ರೂಗೆ ಕೈ ಸುಲಭವಾಗಿ ಸಿಗುತ್ತದೆ ಅಂತ. ಆದರೆ ರಿವೆಟ್ ಹೊಡೆದಾಗ ಕೇಸ್ ಹಿಸುಕಿಕೊಂಡು ಹೊಂದಿಕೆ ಕದಲುತ್ತಿತ್ತು. ಈಗ ಕೇಸ್‌ನಲ್ಲಿ ಒಂದು ತೂತು ಇದೆ. ರಿವೆಟ್ ಆದ ಮೇಲೆ ಅದರ ಮೂಲಕ ಹೊಂದಿಸಿ, ಆಮೇಲೆ ಮುಚ್ಚಿಬಿಡುತ್ತೇವೆ.

ಬಿಳಿ ಬೋರ್ಡ್ ಮೇಲಿನ 11 ಈಗ ಸೊನ್ನೆ. ಅಲುಗುವ ತಾಮ್ರ ಅಂದರೆ ಬ್ರೇಡ್ ಒಂದೇ, ಅದೂ ಮಷಿನ್ ವೆಲ್ಡ್. ಅಕ್ಕನಿಗೆ ಒಂದು ಪೀಸ್‌ಗೆ ಮೊದಲು ಆರು ನಿಮಿಷ ಹಿಡಿಯುತ್ತಿತ್ತು, ಈಗ ಎರಡೂವರೆ. ಮೀಟಿಂಗ್‌ನಲ್ಲಿ ಎಲ್ಲರೂ ಮೆಚ್ಚಿದ್ದು ಆ ಎರಡೂವರೆಯನ್ನು. ನನಗೆ ಹೆಚ್ಚು ಖುಷಿ ಕೊಟ್ಟದ್ದು ಕೊನೆಯ ಟೆಸ್ಟ್‌ನ ಚಿತ್ರ. ಉಂಗುರದ ಸಿಗ್ನಲ್ ಎಷ್ಟು ಬರುತ್ತದೆ ಅಂತ ಪ್ರತಿ ಪೀಸ್‌ಗೂ ಒಂದು ಚುಕ್ಕಿ ಇಡುತ್ತೇವೆ. ಮೊದಲು ಆ ಚುಕ್ಕಿಗಳು ಹಾಳೆ ತುಂಬಾ ಚೆಲ್ಲಿದ್ದವು. ಈಗ ಒಂದು ತೆಳು ಪಟ್ಟಿಯಲ್ಲಿ ಸಾಲಾಗಿ ನಿಂತಿವೆ. ಅದರಲ್ಲಿ ಯಾವುದು ಅಕ್ಕ ಮಾಡಿದ್ದು, ಯಾವುದು ನಿನ್ನೆ ಸೇರಿದ ಹುಡುಗಿ ಮಾಡಿದ್ದು ಅಂತ ಹೇಳೋಕೆ ಆಗುವುದಿಲ್ಲ.

ಚುಕ್ಕಿಗಳನ್ನು ನಂಬಿದರೂ ನಾನು ಲ್ಯಾಬ್‌ಗೆ ಹೋಗಿ ನಿಜವಾದ ಕಿಡಿ ನೋಡಿಯೇ ಬರುತ್ತೇನೆ. ಕೇಬಲ್‌ನ ತುಂಡಿನಲ್ಲಿ ಅಡ್ಡ ಕೊಯ್ದು, ಟೇಪ್ ಸುತ್ತಿ, ಮೊದಲು 7,000 ವೋಲ್ಟ್, ಆಮೇಲೆ 2,000 ವೋಲ್ಟ್ ಕೊಟ್ಟು ಇದ್ದಿಲಿನ ದಾರಿ ಮಾಡುತ್ತಾರೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಟ್ಟೆಗೆ ಅಂಟಿಕೊಂಡು ಸಂಜೆವರೆಗೂ ಹೋಗುವುದಿಲ್ಲ. ಆಮೇಲೆ ಆ ತುಂಡಿಗೆ ಲೈನ್ ಕೊಟ್ಟು, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸಿ ಕಾಯುತ್ತೇವೆ. ನೀಲಿ ಬೆಳಕು ಒಂದು ಕ್ಷಣ ಮಿನುಗುತ್ತದೆ. ಟಕ್ ಅಂತ ಪೆಟ್ಟಿಗೆ ಕಡಿಯುತ್ತದೆ. ಹೊಸ ಡಿಸೈನ್‌ನ ಮೊದಲ ಟೆಸ್ಟ್‌ಗೆ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ಇಷ್ಟು ವರ್ಷ ಇದನ್ನು ಜೋಡಿಸಿದ್ದರೂ ಅದು ಏನು ಮಾಡುತ್ತದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ಮೂರು ಸಲ ಮತ್ತೆ ಮಾಡಿ ತೋರಿಸಿ ಅಂದರು.

ವಾಪಸ್ ಬರುವಾಗ ಅವರು ಕೇಳಿದ್ದು ಒಂದೇ. "ಕೆಲಸ ಇಷ್ಟು ಸುಲಭ ಆದರೆ ನಾವು ಯಾಕೆ ಬೇಕು ಮೇಡಂ?" ಸುಳ್ಳು ಸಮಾಧಾನ ಹೇಳೋಕೆ ನನಗೆ ಮನಸ್ಸಾಗಲಿಲ್ಲ. ಜೋಡಿಸುವ ಮೇಜುಗಳು ಕಡಿಮೆಯಾಗಿವೆ, ಅದು ನಿಜ. ಅವರ ಸಾಲಿನ ಮೂವರನ್ನು ವೆಲ್ಡಿಂಗ್ ಫಿಕ್ಸ್ಚರ್‌ಗೆ, ಕೊನೆಯ ಟೆಸ್ಟ್‌ಗೆ ಕಲಿಸಿ ಕಳಿಸಿದ್ದಾರೆ. ಹೊಸ ಡಿಸೈನ್ ಯಾವುದೇ ಆದರೂ ಡ್ರಾಯಿಂಗ್ ಮುಗಿಯುವ ಮೊದಲು ಲೈನ್‌ನವರ ಕೈಗೆ ಒಂದು ಮಾದರಿ ಹೋಗಬೇಕು ಅಂತ ನಾನು ಬರೆದು ಕೊಟ್ಟೆ, ಅದು ಒಪ್ಪಿಗೆಯಾಗಿದೆ. ಆ ಮಾದರಿ ಮೊದಲು ಹೋಗುವುದು ಅಕ್ಕನ ಹತ್ತಿರ.

ಕಳೆದ ವಾರ ಹೋದಾಗ ಅವರು ಒಂದು ಪೀಸ್ ನನ್ನ ಕೈಗೆ ಕೊಟ್ಟು, "ಟೆಸ್ಟ್ ಬಟನ್ ಕೆಳಗಿನ ಸ್ಪ್ರಿಂಗ್ ಇಡಿ ನೋಡೋಣ" ಅಂದರು. ಇಡುವ ಹೊತ್ತಿಗೆ ನಾನೇ ಉಸಿರು ಹಿಡಿದಿದ್ದೆ. ಅವರು ಏನೂ ಹೇಳದೆ ನನ್ನ ಮುಖ ನೋಡಿದರು. ಈಗ ಆ ಸ್ಪ್ರಿಂಗ್ ಬದಲು ಬಟನ್‌ನ ಪ್ಲಾಸ್ಟಿಕ್‌ನಲ್ಲೇ ಒಂದು ಬಾಗುವ ನಾಲಿಗೆ ಮಾಡಿ ನೋಡುತ್ತಿದ್ದೇನೆ. ಮೊದಲ ಎರಡು ಮಾದರಿ ಮುರಿದವು. ಬುಡ ಸ್ವಲ್ಪ ದಪ್ಪ ಮಾಡಿದ ಮೂರನೆಯದು ನಾಳೆ ಬರುತ್ತದೆ.